ಮಾಗಿಯ ಚಳಿಯೂ ಮಿಲಿಟರಿ ಲಾರಿಯೂ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಸಾರಿಗೆಯ ಚರಿತ್ರೆಯಲ್ಲಿ ಒಂದು ವಿಚಾರ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೋಟೆ, ಶಾಸನ ಮತ್ತು ಪಾಳೆಯಗಾರರ ವಂಶಾವಳಿಗಳ ಕಡೆಗೇ ಗಮನವಿತ್ತಿದ್ದಾರೆ. 1687ರಲ್ಲಿ ಮೊಗಲರ ವಶವಾಗಿ ಸುಬೆಯ ರಾಜಧಾನಿಯಾದ ಸಿರಾ, ಏಕಶಿಲೆಯ ಬೆಟ್ಟವನ್ನೇರಿ ನಿಂತ ಮಧುಗಿರಿಯ ದುರ್ಗ, ಇವು ಇರುವ ಸೀಮೆಯಲ್ಲಿ ಹಾಗಾಗುವುದು ಸಹಜವೇ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಯ ಜನಜೀವನವನ್ನು ಮಾರ್ಪಡಿಸಿದ ವಸ್ತುಗಳಲ್ಲಿ ಮೋಟಾರು ಲಾರಿಯೂ ಒಂದು. ಹಳೆಯ ಮಿಲಿಟರಿ ಲಾರಿಯನ್ನು ಚಳಿಗಾಲದ ಮುಂಜಾವಿನಲ್ಲಿ ಸ್ಟಾರ್ಟು ಮಾಡುವ ಶ್ರಮವನ್ನು ಕುರಿತು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ವಿಷಯವು ಕ್ಷುದ್ರವೆಂದು ಕೆಲವರಿಗೆ ತೋರಬಹುದು. ಗುಂಡಿ ಒತ್ತಿದೊಡನೆ ಯಂತ್ರವು ಎಚ್ಚರಗೊಳ್ಳುವ ಕಾಲದಲ್ಲಿರುವ ವಿದ್ಯಾರ್ಥಿಗಳಿಗಂತೂ ಹಾಗೆಯೇ ತೋರೀತು. ಆದರೆ ಚಳಿಯ ತಲೆಗೆ ಕಟ್ಟುತ್ತಿದ್ದ ಆ ತೊಂದರೆಯಲ್ಲಿ ಚಳಿಯ ಪಾಲೆಷ್ಟು, ಚರಿತ್ರೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಿದರೆ ಈ ಸೀಮೆಯ ಆರ್ಥಿಕ ಸ್ಥಿತಿಯೇ ಗೋಚರವಾಗುತ್ತದೆಂದು ನಾವು ಭಾವಿಸುತ್ತೇವೆ.

ಮೊದಲು ಭೂಸ್ಥಿತಿ. ಇಪ್ಪತ್ತನೆಯ ಶತಮಾನವು ಮುಗಿಯುವವರೆಗೂ ಈ ನಾಲ್ಕು ತಾಲ್ಲೂಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ಇರಲಿಲ್ಲ. ತುಮಕೂರಾಗಲಿ, ಗೌರಿಬಿದನೂರಾಗಲಿ, ಹಿಂದೂಪುರವಾಗಲಿ, ಎಲ್ಲಿಯ ನಿಲ್ದಾಣವನ್ನು ಮುಟ್ಟಬೇಕಾದರೂ ರಸ್ತೆಯೇ ಗತಿ. ಸಿರಾ ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿದ್ದುದರಿಂದ ಅದಕ್ಕೆ ಅಷ್ಟು ಕಷ್ಟವಿರಲಿಲ್ಲ. ಪಾವಗಡದ ಮಾತು ಬೇರೆ. ತುಮಕೂರಿನಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ಬಹುಪಾಲು ಅನಂತಪುರದ ಸೀಮೆಯಿಂದ ಆವೃತವಾಗಿ, ಅದು ದ್ವೀಪದಂತಿದೆ. ಇಲ್ಲಿ ಲಾರಿ ಬರಲಿಲ್ಲವೆಂದರೆ ಸರಕು ಬರಲಿಲ್ಲವೆಂದೇ ಅರ್ಥ.

ಎರಡನೆಯದು ಬೆಳೆ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿಯನ್ನು ಈ ಕಡೆ ಕಿತ್ತು, ಒಣಗಿಸಿ, ಚೀಲಕ್ಕೆ ತುಂಬುವ ವೇಳೆಗೆ ಕಾರ್ತಿಕ, ಮಾರ್ಗಶಿರಗಳು ಬಂದಿರುತ್ತವೆ. ಅದು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೋ ತುಮಕೂರಿನ ಮಂಡಿಗೋ ಸಾಗಬೇಕಾದದ್ದು ಸರಿಯಾಗಿ ಚಳಿಯ ತಿಂಗಳುಗಳಲ್ಲಿ. ವರ್ಷದಲ್ಲಿ ಲಾರಿಗೆ ಅತ್ಯಂತ ಹೆಚ್ಚು ಬಾಡಿಗೆ ಹುಟ್ಟುವ ಕಾಲವೂ, ಅದು ಬೆಳಿಗ್ಗೆ ಏಳಲು ಹಟ ಮಾಡುವ ಕಾಲವೂ ಒಂದೇ ಆಗಿದ್ದುದು ಈ ಸೀಮೆಯ ಲಾರಿ ಮಾಲಿಕರ ದುರದೃಷ್ಟ.

ಮೋಟಾರನ್ನು ಎಬ್ಬಿಸುವುದು ಕಠಿನ ಕೆಲಸವೆಂಬ ಅನುಭವವು ಡೀಸೆಲ್ಲಿಗಿಂತ ಹಿಂದಿನದು. ಎರಡನೆಯ ಮಹಾಯುದ್ಧ ಕಾಲದಲ್ಲಿ, 1941ರಲ್ಲಿ, ಪೆಟ್ರೋಲಿಗೆ ಪಡಿತರ ಬಂದ ಮೇಲೆ ಮೈಸೂರು ಸಂಸ್ಥಾನದ ಬಸ್ಸುಗಳೂ ಲಾರಿಗಳೂ ಇದ್ದಲಿನ ಗ್ಯಾಸಿಗೆ ತಿರುಗಿದವು. ಗಾಡಿಯ ಹಿಂಭಾಗದಲ್ಲಿ ಒಲೆಯಂತಹ ಉರುಟಾದ ಕೊಪ್ಪರಿಗೆ. ಅದಕ್ಕೆ ಇದ್ದಲು ತುಂಬಿ, ಬೆಂಕಿ ಹಾಕಿ, ಕೈಯಿಂದ ತಿರುಗಿಸುವ ಬೀಸಣಿಗೆಯಿಂದ ಗಾಳಿಯೂದಿ, ಹೊರಟ ಗ್ಯಾಸು ಉರಿಯುವುದೋ ಇಲ್ಲವೋ ಎಂದು ಪರೀಕ್ಷಿಸಿ, ಆ ಬಳಿಕ ಮುಂಭಾಗಕ್ಕೆ ಓಡಿ ಹ್ಯಾಂಡ್ಲು ಹೊಡೆಯಬೇಕಾಗಿತ್ತು. ಆ ಗ್ಯಾಸಿನಲ್ಲಿ ಮುಖ್ಯವಾದ ಅಂಶ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಬಾಗಿ ಊದುವ ಹುಡುಗನಿಗೆ ತಲೆಸುತ್ತು ಬರುತ್ತಿದ್ದುದಕ್ಕೆ ಹೊಗೆಗಿಂತ ಅದೇ ಕಾರಣ. ಪೆಟ್ರೋಲಿನಲ್ಲಿ ಹುಟ್ಟುವ ಶಕ್ತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇದರಲ್ಲಿ ನಷ್ಟವಾಗುತ್ತಿದ್ದುದರಿಂದ ದಿಣ್ಣೆ ಬಂದಲ್ಲಿ ಪ್ರಯಾಣಿಕರು ಇಳಿದು ನೂಕುತ್ತಿದ್ದರು.

1945ರಲ್ಲಿ ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಸಾವಿರಾರು ವಾಹನಗಳನ್ನು ಸರ್ಕಾರವು ವಿಲೇವಾರಿ ಮಾಡಿತು. ಫೋರ್ಡ್, ಷೆವರ್ಲೆ, ಡಾಡ್ಜ್ ಮೊದಲಾದ ಈ ಗಾಡಿಗಳಿಗೆ ಜನರು ‘ಮಿಲಿಟರಿ ಲಾರಿ’ ಎಂದೂ ‘ಡಿಸ್ಪೋಜಲ್ ಗಾಡಿ’ ಎಂದೂ ಹೆಸರಿಟ್ಟರು. ಹೊಸ ಗಾಡಿ ದೊರೆಯದ ಕಾಲದಲ್ಲಿ ಒಳನಾಡಿನ ಸಾರಿಗೆಗೆ ಇವು ಆಧಾರವಾದವು. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಈ ಯುದ್ಧಕಾಲದ ಲಾರಿಗಳು ಬಹುಮಟ್ಟಿಗೆ ಪೆಟ್ರೋಲ್ ಗಾಡಿಗಳೇ ಹೊರತು ಡೀಸೆಲ್ ಗಾಡಿಗಳಲ್ಲ. 1950ರ ದಶಕದಲ್ಲಿ ಡೀಸೆಲ್ ಅಗ್ಗವೆಂದು ಕಂಡ ಮಾಲಿಕರು ಹಳೆಯ ಪೆಟ್ರೋಲ್ ಇಂಜಿನನ್ನು ಕೆಳಗಿಳಿಸಿ, ಅದೇ ಚಾಸಿಯ ಮೇಲೆ ಪರ್ಕಿನ್ಸ್ ಪಿ-6ರಂತಹ ಡೀಸೆಲ್ ಇಂಜಿನನ್ನು ಕೂರಿಸತೊಡಗಿದರು. ಇಂಗ್ಲೆಂಡಿನಲ್ಲಿ 1937ರಲ್ಲಿ ಹೊರಬಂದ ಈ ಇಂಜಿನನ್ನು ಮದರಾಸಿನ ಸಿಂಪ್ಸನ್ ಕಂಪೆನಿಯವರು ಈ ದೇಶದಲ್ಲಿಯೇ ತಯಾರಿಸಲಾರಂಭಿಸಿದ್ದರು. ‘ಹಳೆಯ ಮಿಲಿಟರಿ ಡೀಸೆಲ್ ಲಾರಿ’ಯ ಮೊದಲ ಪೀಳಿಗೆಯು ಹೀಗೆ ಒಂದು ಸಂಕರ ಸೃಷ್ಟಿ: ದೇಹ ಯುದ್ಧದ್ದು, ಹೃದಯ ಅನಂತರದ್ದು.

ಈಗ ಚಳಿಯ ವಿಚಾರ. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಹದಿನೈದನೆಯ ಅಥವಾ ಇಪ್ಪತ್ತನೆಯ ಒಂದು ಭಾಗಕ್ಕೆ ಅದುಮಿದಾಗ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನು 1897ರಲ್ಲಿ ಔಗ್ಸ್‌ಬುರ್ಗಿನಲ್ಲಿ ಸಾಧಿಸಿ ತೋರಿಸಿದ ತತ್ತ್ವ ಇದೇ. ಆದುದರಿಂದ ಅದುಮುವ ವೇಗ ಕಡಿಮೆಯಾದರೆ ಕಾವು ತಣ್ಣನೆಯ ಲೋಹಕ್ಕೆ ಸೇರಿಹೋಗುತ್ತದೆ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಗಾಳಿಯೇ ಸೋರಿಹೋಗುತ್ತದೆ. ಚಳಿಯಲ್ಲಿ ಇಂಜಿನ್ ಎಣ್ಣೆ ಗಟ್ಟಿಯಾಗಿ ತಿರುಗುವುದು ಭಾರವಾಗುತ್ತದೆ, ಬ್ಯಾಟರಿಯ ಬಲವೂ ಅದೇ ಹೊತ್ತಿಗೆ ಕುಗ್ಗುತ್ತದೆ.

ಆದರೆ ಎಷ್ಟು ಚಳಿಯಲ್ಲಿ? ಕೊಡಗಿನವರಾದ ಕೆ. ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ ನಮ್ಮ ಸೈನ್ಯವು 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯಲ್ಲಿ ಟ್ಯಾಂಕುಗಳನ್ನು ನಡೆಸಿತು. ಲಡಾಖಿನ ಅಂತಹ ಎತ್ತರಗಳಲ್ಲಿ ಡೀಸೆಲ್ಲಿನೊಳಗಿನ ಮೇಣವೇ ಹೆಪ್ಪುಗಟ್ಟಿ ಫಿಲ್ಟರನ್ನು ಕಟ್ಟುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಡಿಸೆಂಬರ್, ಜನವರಿಗಳ ಬೆಳಗಿನ ಜಾವದ ಉಷ್ಣತೆಯು ಸಾಮಾನ್ಯವಾಗಿ 15-16 ಡಿಗ್ರಿಗಳ ಆಸುಪಾಸಿನಲ್ಲಿದ್ದು ಕೆಲವು ರಾತ್ರಿ ಮಾತ್ರ 10ರ ಸಮೀಪಕ್ಕೆ ಇಳಿಯುತ್ತದೆ. ಕಂಬಳಿಯೊಳಗಿರುವ ಮನುಷ್ಯನಿಗೆ ಇದು ಚಳಿ. ಸುಸ್ಥಿತಿಯಲ್ಲಿರುವ ಡೀಸೆಲ್ ಇಂಜಿನಿಗೆ ಇದು ಅಡ್ಡಿಯೇ ಅಲ್ಲ. ಹಾಗಿದ್ದೂ ಲಾರಿ ಏಳಲಿಲ್ಲವೆಂದರೆ ಅದರ ರಿಂಗುಗಳು ಸವೆದಿದ್ದವು, ಬ್ಯಾಟರಿ ಹಳತಾಗಿತ್ತು, ನಾಜಲುಗಳು ತೊಟ್ಟಿಕ್ಕುತ್ತಿದ್ದವು ಎಂದೇ ತಿಳಿಯಬೇಕು. ಮಧ್ಯಾಹ್ನದ ಬಿಸಿಲು ಮರೆಮಾಡಿದ ಮುಪ್ಪನ್ನು ಮುಂಜಾವಿನ ಚಳಿ ಬಯಲು ಮಾಡುತ್ತಿತ್ತು, ಅಷ್ಟೆ. ಹೊಗೆಯೂ ಇದಕ್ಕೆ ಸಾಕ್ಷಿ. ಸ್ಟಾರ್ಟು ಆದೊಡನೆ ಬರುವ ಬಿಳಿಯ ಹೊಗೆ ಉರಿಯದ ಡೀಸೆಲ್ಲಿನದು. ಇಂಜಿನ್ ಕಾದೊಡನೆ ಅದು ನಿಂತರೆ ಚಳಿಯ ದೋಷ; ಕಾದ ಮೇಲೂ ಉಳಿದರೆ ಇಂಜಿನಿನ ದೋಷ.

ಈ ಮುಪ್ಪಿನ ಭಾರವನ್ನು ಹೊತ್ತವನು ಮಾಲಿಕನಲ್ಲ, ಡ್ರೈವರನೂ ಪೂರ್ತಿಯಾಗಿ ಅಲ್ಲ. ಕ್ಲೀನರ್ ಎಂಬ ಹುಡುಗ. ಗಾಡಿಯಡಿಯಲ್ಲೋ ಮೂಟೆಗಳ ಮೇಲೋ ಮಲಗಿ ಎಲ್ಲರಿಗಿಂತ ಮೊದಲು ಏಳುವವನು ಅವನು. ಪೆಟ್ರೋಲ್ ಇಂಜಿನಿನ ಹ್ಯಾಂಡ್ಲು ಹಿಂದಕ್ಕೆ ಒದ್ದರೆ ಮುರಿಯುತ್ತಿದ್ದುದು ಅವನ ಮಣಿಕಟ್ಟು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯಬೇಕೆಂಬುದು ಆ ವಿದ್ಯೆಯ ಮೊದಲನೆಯ ಪಾಠ. ಡೀಸೆಲ್ ಬಂದ ಮೇಲೆ ಒತ್ತಡ ಹೆಚ್ಚಾಗಿ ಕೈಯಿಂದ ತಿರುಗಿಸುವುದು ಅಸಾಧ್ಯಪ್ರಾಯವಾಯಿತು, ಶ್ರಮವು ಬೇರೆ ರೂಪ ತಾಳಿತು. ರೇಡಿಯೇಟರಿಗೆ ಬಿಸಿನೀರು ಹೊಯ್ಯುವುದು, ಪೈಪಿನಲ್ಲಿ ಏರ್ ಹಿಡಿದಿದ್ದರೆ ಕೈಪಂಪು ಒತ್ತಿ ಹೊರಡಿಸುವುದು, ಸಾಲದಿದ್ದರೆ ಎಣ್ಣೆಬಟ್ಟೆ ಸುತ್ತಿದ ಪಂಜನ್ನು ಹೊತ್ತಿಸಿ ಎಣ್ಣೆತೊಟ್ಟಿಯ ಕೆಳಗೆ ಹಿಡಿಯುವುದು. ಈ ಕೊನೆಯದು ಎಷ್ಟು ಅಪಾಯಕರವೆಂದು ಹೇಳಬೇಕಾದದ್ದಿಲ್ಲ. ಮೇಲೆ ಕಡಲೆಕಾಯಿ, ಕೆಳಗೆ ಬೆಂಕಿ. ಜಾಣ ಡ್ರೈವರು ಇದೆಲ್ಲಕ್ಕೂ ಅವಕಾಶ ಕೊಡದೆ ರಾತ್ರಿಯೇ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿಸುತ್ತಿದ್ದನು. ಬೆಳಿಗ್ಗೆ ಕಲ್ಲು ತೆಗೆದರೆ ಭೂಮಿಯೇ ಸ್ಟಾರ್ಟರು. ಕೊರಟಗೆರೆ-ಮಧುಗಿರಿಗಳ ಬೆಟ್ಟಗುಡ್ಡಗಳ ನಡುವೆ ಇಳಿಜಾರಿಗೇನೂ ಬರವಿರಲಿಲ್ಲ. ಸಿರಾದ ಬಯಲಿನಲ್ಲಿ ಮಾತ್ರ ಹತ್ತು ಜನರ ಭುಜವೇ ಬೇಕಾಗುತ್ತಿತ್ತು.

ಸಂಸ್ಥಾನದ ಆಡಳಿತ ವರದಿಗಳನ್ನು ನೋಡುವ ವಿದ್ಯಾರ್ಥಿಗೆ ರಸ್ತೆಯ ಮೈಲಿಗಳೂ ವಾಹನಗಳ ಸಂಖ್ಯೆಯೂ ದೊರೆಯುತ್ತವೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಆರಂಭವಾಯಿತೆಂಬುದು ಎಲ್ಲರಿಗೂ ತಿಳಿದ ಅಂಶ. ಲೆಕ್ಕಕ್ಕೆ ಸಿಕ್ಕದೆ ಉಳಿದದ್ದು ಆ ಹುಡುಗನ ಬೆಳಗಿನ ಗಂಟೆಗಳು.

1954ರಲ್ಲಿ ಟಾಟಾ ಸಂಸ್ಥೆಯು ಡೈಮ್ಲರ್-ಬೆನ್ಜ್ ಕಂಪೆನಿಯ ಸಹಕಾರದಿಂದ ಜಮ್ಷೆಡ್‌ಪುರದಲ್ಲಿ ಲಾರಿ ತಯಾರಿಸಲಾರಂಭಿಸಿತು. ಅದರ ಇಂಜಿನಿನಲ್ಲಿ ಪ್ರತಿ ಸಿಲಿಂಡರಿಗೂ ಒಂದು ಕಾಯಿಸುವ ಪ್ಲಗ್ಗು ಇದ್ದು, ಡ್ರೈವರು ಅರೆನಿಮಿಷ ಕಾದು, ಮುಂದಿನ ಹಲಗೆಯಲ್ಲಿ ಸುರುಳಿತಂತಿ ಕೆಂಪಗಾದುದನ್ನು ಕಂಡು ಸೆಲ್ಫ್ ಹೊಡೆದರೆ ಸಾಕಾಗುತ್ತಿತ್ತು. ಸೈನ್ಯಕ್ಕಾಗಿ 1959ರಿಂದ ಜಬಲ್ಪುರದಲ್ಲಿ ತಯಾರಾದ ‘ಶಕ್ತಿಮಾನ್’ ಲಾರಿಯು ಔಗ್ಸ್‌ಬುರ್ಗಿನ ಅದೇ ಎಂ.ಎ.ಎನ್. ಕಂಪೆನಿಯ ನಮೂನೆಯದು. ಅದರಲ್ಲಿ ಎಣ್ಣೆಯನ್ನು ಪಿಸ್ಟನ್ನಿನ ಗುಂಡನೆಯ ಗುಳಿಯ ಗೋಡೆಗೆ ತೆಳುವಾಗಿ ಬಳಿಯುವ ಕ್ರಮವಿದೆ. ಗೋಡೆ ಕಾದಿದ್ದರೆ ಇಂಜಿನ್ ಮೃದುವಾಗಿ ಓಡುತ್ತದೆ. ತಣ್ಣಗಿದ್ದರೆ ಬಿಳಿಯ ಹೊಗೆಯನ್ನುಗುಳುತ್ತದೆ. ಯೌವನದಲ್ಲಿಯೇ ಚಳಿಗೆ ಅಂಜುವ ಇಂಜಿನ್ ಅದು. ಸೈನ್ಯದಿಂದ ನಿವೃತ್ತವಾದ ಇಂತಹ ಗಾಡಿಯನ್ನು ಹರಾಜಿನಲ್ಲಿ ಕೊಂಡವನು ಮೊದಲು ರಿಂಗು, ಬ್ಯಾಟರಿ, ನಾಜಲುಗಳನ್ನು ಪರೀಕ್ಷಿಸಿ, ಆಮೇಲೆ ಬೇಕಾದರೆ ಪುಷ್ಯಮಾಸವನ್ನು ದೂರಲಿ.