ಕಲಬುರಗಿಯ ಆಕಾಶಮಾರ್ಗ

ಕಲಬುರಗಿಯ ವಿಮಾನನಿಲ್ದಾಣವು 2019ರ ನವೆಂಬರ್ 22ರಂದು ತೆರೆಯಲ್ಪಟ್ಟಿತು. ಪ್ರಯಾಣಿಕರನ್ನು ಆಕಾಶಮಾರ್ಗದಿಂದ ಭಾರತಕ್ಕೆ ತರಬೇಕೆಂಬ ಸಂಕಲ್ಪವಾದರೋ ಅದಕ್ಕಿಂತ 95 ವರ್ಷ ಹಿಂದಿನದು. ಆ ಮೊದಲ ಸಂಕಲ್ಪವು ವಿಮಾನದ್ದಲ್ಲ, ವಾಯುನೌಕೆಯದು.

ಪುಷ್ಪಕದ ಹೆಸರನ್ನೆತ್ತಿ ಈ ಚರಿತ್ರೆಯನ್ನು ಇನ್ನೂ ಹಿಂದಕ್ಕೆ ಎಳೆಯುವವರುಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವೇ ಅವರಿಗೆ ಆಧಾರ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದನ್ನು ಪರಿಶೀಲಿಸಿ, ಅದರ ಸಂಸ್ಕೃತವು ಅರ್ವಾಚೀನವೆಂದೂ ಅದರ ಯಂತ್ರಗಳು ಹಾರಲಾರವೆಂದೂ ತೋರಿಸಿರುವರು. ಸಂಸ್ಕೃತವನ್ನು ಬಲ್ಲವರಿಗೆ ಇದರಲ್ಲಿ ಮಾನಹಾನಿಯೇನೂ ಇಲ್ಲ. ಕಾವ್ಯವನ್ನು ಕಾವ್ಯವೆಂದೇ ಓದಿದರಾಯಿತು.

ವಾಯುನೌಕೆಯೆಂದರೆ ಹಗುರವಾದ ಜಲಜನಕವನ್ನು ಚೀಲಗಳಲ್ಲಿ ತುಂಬಿ ತೇಲಿಸುವ ನೌಕೆ. ಇಂತಹವುಗಳಿಂದ ಪ್ರಯಾಣಿಕರನ್ನು ಸಾಗಿಸುವ ಸಂಸ್ಥೆಯು ಜರ್ಮನಿಯಲ್ಲಿ 1909ರಲ್ಲಿಯೇ ಹುಟ್ಟಿತ್ತು. ಬ್ರಿಟಿಷ್ ಸರಕಾರವು 1924ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ವಾಯುನೌಕೆಗಳನ್ನು ನಡೆಯಿಸುವ ಯೋಜನೆಯನ್ನು ಕೈಕೊಂಡು, ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ನೌಕೆಯನ್ನು ಕಟ್ಟುವ ಗೋಪುರವನ್ನೂ, ಕರಾಚಿಯಲ್ಲಿ ಅದರೊಡನೆ ಮಹತ್ತಾದೊಂದು ಷೆಡ್ಡನ್ನೂ ನಿರ್ಮಿಸಿತು. ಉಷ್ಣದೇಶದಲ್ಲಿ ಪೆಟ್ರೋಲು ಅಪಾಯಕರವೆಂದು ಆರ್ 101 ಎಂಬ ನೌಕೆಗೆ ಡೀಸೆಲ್ ಯಂತ್ರಗಳನ್ನು ಹೂಡಿದರು. ಅವು ಅತಿಭಾರವಾದುವು. ಎತ್ತುವ ಶಕ್ತಿ ಸಾಲದೆ, ನೌಕೆಯನ್ನು ನಡುವೆ ಕತ್ತರಿಸಿ 777 ಅಡಿಗೆ ಉದ್ದ ಮಾಡಬೇಕಾಯಿತು. 1930ರ ಅಕ್ಟೋಬರ್ 4ರ ಸಂಜೆ ಅದು ಭಾರತಕ್ಕೆಂದು ಹೊರಟು, ಮರುದಿನ ನಸುಕಿಗೆ ಮುನ್ನ ಫ್ರಾನ್ಸಿನ ಬೋವೆ ನಗರದ ಬಳಿ ಬಿದ್ದು ಉರಿಯಿತು. 54 ಮಂದಿಯಲ್ಲಿ 48 ಮಂದಿ ಮಡಿದರು; ವಾಯುಖಾತೆಯ ಮಂತ್ರಿಯಾದ ಲಾರ್ಡ್ ಥಾಮ್ಸನನೂ ಅವರಲ್ಲಿದ್ದನು. ಕರಾಚಿಯ ಷೆಡ್ಡು ನೌಕೆಯನ್ನು ಕಾಣಲೇ ಇಲ್ಲ.

ಬೆಂಕಿಯೊಂದೇ ಈ ಯೋಜನೆಯನ್ನು ಕೆಡಿಸಿತೆಂದು ಹೇಳುವುದು ವಾಡಿಕೆ. ದಕ್ಖನದ ಬಿಸಿಲನ್ನು ಲೆಕ್ಕಕ್ಕೆ ತಂದರೆ ಬೇರೊಂದು ಕಾರಣವು ಕಾಣುವುದು. ಕಾದ ಗಾಳಿ ತೆಳುವಾದುದು. ಗಾಳಿ ತೆಳುವಾದಷ್ಟೂ ನೌಕೆಯ ತೇಲುವ ಬಲವು ಕುಂದುವುದು. ಸಮುದ್ರಮಟ್ಟದಿಂದ ಸುಮಾರು 450 ಮೀಟರು ಎತ್ತರದ ಕಲಬುರಗಿಯಲ್ಲಿ 40 ಡಿಗ್ರಿಯ ಬೇಸಗೆಯ ದಿನ, ಸಮುದ್ರತೀರದ 15 ಡಿಗ್ರಿಯ ತಂಪಿನಲ್ಲಿದ್ದ ಬಲದಲ್ಲಿ ಸುಮಾರು ಎಂಟನೆಯ ಒಂದು ಪಾಲು ಹೋಗುವುದು. ಇಂಗ್ಲೆಂಡಿನ ತಂಪಿನಲ್ಲಿಯೇ ಭಾರಕ್ಕೆ ತತ್ತರಿಸಿದ ನೌಕೆಯು ಇಲ್ಲಿ ಪ್ರಯಾಣಿಕರನ್ನು ಹೊರುವ ಬಗೆ ಹೇಗೆ?

ದಕ್ಖನದ ಆಕಾಶಕ್ಕೆ ವಿಮಾನವೇ ಒದಗಿತು. 1932ರ ಅಕ್ಟೋಬರ್ 15ರಂದು ಟಾಟಾ ಸಂಸ್ಥೆಯು ಕರಾಚಿಯಿಂದ ಆರಂಭಿಸಿದ ಅಂಚೆವಿಮಾನವು ಮುಂಬಯಿ, ಬಳ್ಳಾರಿಗಳ ಮೇಲೆ ಮದರಾಸಿಗೆ ಹೋಯಿತು. ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿಗೆ ಮುಂಬಯಿ–ಮದರಾಸು ರೈಲುದಾರಿಯೇ ಗತಿಯಾಗಿತ್ತು. ಕಮಲಾಪುರಕ್ಕೆ ಆ ರೈಲೂ ದೂರ. ಬೀದರ–ಕಲಬುರಗಿ ಮಾರ್ಗವು ಪೂರ್ಣವಾಗಿ ತೆರೆದುದು 2017ರಲ್ಲಿ. ಎರಡು ವರ್ಷಗಳ ಬಳಿಕ, ಕೆಂಪು ಬಾಳೆಗೆ ಹೆಸರಾದ ಆ ಊರಿನಿಂದ ಕಲಬುರಗಿಗೆ ಬಂದವರು ಸೇಡಂ ದಾರಿಯ ಶ್ರೀನಿವಾಸ ಸರಡಗಿಯಲ್ಲಿ ಬೆಂಗಳೂರಿನ ವಿಮಾನವನ್ನು ಏರಬಹುದಾಯಿತು.