ನೆಗಡಿ ಮಾತ್ರೆಯ ವಂಶಾವಳಿ

ನೆಗಡಿಯನ್ನು ನಮ್ಮ ಜನ ರೋಗಗಳ ಪಂಕ್ತಿಯಲ್ಲಿ ಕೂರಿಸಿದವರೇ ಅಲ್ಲ. ಜ್ವರ ಬಂದರೆ ಡಾಕ್ಟರು, ನೆಗಡಿ ಬಂದರೆ ಮೆಣಸಿನ ಕಷಾಯ ಎಂಬುದು ಹಿಂದಿನ ಮನೆಗಳ ವಿಭಾಗಕ್ರಮ. ಈಗ ಕಷಾಯದ ಮಣೆಯ ಮೇಲೆ ಮಾತ್ರೆ ಬಂದು ಕೂತಿದೆ. ಬೀದಿ ತುದಿಯ ಔಷಧಿ ಅಂಗಡಿಗೆ ಹೋಗಿ “ನೆಗಡಿಗೆ ಏನಾದರೂ ಕೊಡಿ” ಎಂದರೆ ಸಾಕು. ಯಾರಿಗೆ ಎಂದು ಕೇಳುವವರು ಅಪರೂಪ, ವಯಸ್ಸೆಷ್ಟು ಎಂದು ಕೇಳುವವರು ಇನ್ನೂ ಅಪರೂಪ. ಕತ್ತರಿಯಿಂದ ನಾಲ್ಕು ಮಾತ್ರೆಯ ತುಂಡೊಂದನ್ನು ಕತ್ತರಿಸಿ ಕೈಗಿಡುತ್ತಾರೆ. ಕತ್ತರಿಸುವಾಗ ಬೆನ್ನ ಮೇಲಿನ ಸಣ್ಣ ಬರಹವೂ ಎರಡು ಹೋಳಾಗುವುದುಂಟು. ಅರ್ಧ ಬರಹ ಅಂಗಡಿಯಲ್ಲಿ, ಅರ್ಧ ನಮ್ಮ ಜೇಬಿನಲ್ಲಿ.

ನಾನು ವೈದ್ಯನಲ್ಲ. ಆದರೆ ಆ ಸಣ್ಣ ಬರಹವನ್ನು ಕನ್ನಡಕ ಏರಿಸಿಕೊಂಡು ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಬಹುಪಾಲು ಮೂರೋ ನಾಲ್ಕೋ ದ್ರವ್ಯಗಳ ಕೂಡುಕುಟುಂಬ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್. ಕಟ್ಟಿದ ಮೂಗು ಬಿಡಿಸಲು ಫಿನೈಲೆಫ್ರಿನ್. ಸೀನು ನಿಲ್ಲಿಸಲು ಕ್ಲೋರ್‌ಫೆನಿರಮೈನ್. ಕೆಲವದರಲ್ಲಿ ಜೊತೆಗಿಷ್ಟು ಕಾಫಿಯ ಸತ್ತ್ವವಾದ ಕೆಫೀನ್. ಈ ಕುಟುಂಬದ ಪೂರ್ವಚರಿತ್ರೆಯನ್ನು ಹುಡುಕುತ್ತಾ ಹೋದಂತೆ, ಮಾತ್ರೆಯನ್ನು ಹೇಗೆ ನುಂಗಬೇಕೆಂಬ ಪಾಠವೂ ಅದರಲ್ಲೇ ಅಡಗಿದೆಯೆಂದು ನನಗೆ ತೋರಿತು.

ಮೊದಲು ನೋವು ನೀಗುವ ಶಾಖೆಯನ್ನು ನೋಡೋಣ. ಇದರ ಮೂಲಪುರುಷ ವಿಲೋ ಮರದ ತೊಗಟೆ. ಆ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುತ್ತದೆಂದು ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ ೧೭೬೩ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಅದೇ ಜಾತಿಯ ದ್ರವ್ಯವನ್ನು ರಸಾಯನಶಾಲೆಯಲ್ಲಿ ಹದಗೊಳಿಸಿ ಜರ್ಮನಿಯ ಬೇಯರ್ ಕಂಪನಿ ೧೮೯೯ರಲ್ಲಿ ಆಸ್ಪಿರಿನ್ ಎಂದು ನಾಮಕರಣ ಮಾಡಿತು. ಇದು ಹಿರಿಯ ಮನೆ.

ಕಿರಿಯ ಮನೆಯ ಹುಟ್ಟು ಇನ್ನೂ ವಿಚಿತ್ರ. ೧೮೮೬ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕಾನ್ ಮತ್ತು ಹೆಪ್ ಎಂಬ ಇಬ್ಬರು ವೈದ್ಯರು ಹೊಟ್ಟೆಹುಳುವಿನ ರೋಗಿಯೊಬ್ಬನಿಗೆ ನ್ಯಾಫ್ತಲೀನ್ ಕೊಡಲು ಹೊರಟರು. ಹುಳುಗಳ ಗತಿ ಏನಾಯಿತೋ, ರೋಗಿಯ ಜ್ವರ ಮಾತ್ರ ಇಳಿಯಿತು. ವಿಚಾರಿಸಿ ನೋಡಿದರೆ ಔಷಧಶಾಲೆಯವರು ಕೊಟ್ಟದ್ದು ನ್ಯಾಫ್ತಲೀನ್ ಅಲ್ಲ, ಅಸೆಟನಿಲೈಡ್ ಎಂಬ ಬೇರೆಯ ವಸ್ತು! ಹೀಗೆ ಕೈತಪ್ಪಿನಿಂದ ಒಂದು ಜ್ವರದ ಮದ್ದು ಲೋಕಕ್ಕೆ ಬಂತು. ಆದರೆ ಅದನ್ನು ತಿಂದವರ ತುಟಿ ಉಗುರುಗಳು ನೀಲಿಗಟ್ಟತೊಡಗಿದವು. ಅದಕ್ಕೆ ಬದಲಾಗಿ ೧೮೮೭ರಲ್ಲಿ ಫೆನಾಸೆಟಿನ್ ಬಂತು. ಇವರಿಬ್ಬರ ಸೋದರನಾದ ಪ್ಯಾರಾಸಿಟಮಾಲನ್ನು ಅಮೆರಿಕದ ರಸಾಯನಜ್ಞ ಮೋರ್ಸ್ ಅದಕ್ಕೂ ಮೊದಲೇ ತಯಾರಿಸಿದ್ದ. ಆದರೆ ೧೮೯೩ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಾನ್ ಮೇರಿಂಗ್, ಇದಕ್ಕಿಂತ ಫೆನಾಸೆಟಿನ್ನೇ ವಾಸಿ ಎಂಬ ಅಭಿಪ್ರಾಯಕ್ಕೆ ಬಂದ. ಆ ಒಂದು ಮಾತಿನಿಂದ ಪ್ಯಾರಾಸಿಟಮಾಲ್ ಅರ್ಧ ಶತಮಾನ ಅಜ್ಞಾತವಾಸ ಅನುಭವಿಸಿತು.

ಆ ಅರ್ಧ ಶತಮಾನದಲ್ಲಿ ಫೆನಾಸೆಟಿನ್ ಏನು ಮಾಡಿತು? ಇದಕ್ಕೆ ಸ್ವೀಡನ್ ದೇಶದ ಹುಸ್ಕ್ವಾರ್ನ ಎಂಬ ಕಾರ್ಖಾನೆಯ ಊರು ಉತ್ತರ ಹೇಳುತ್ತದೆ. ಬಂದೂಕು, ಹೊಲಿಗೆಯಂತ್ರಗಳನ್ನು ಮಾಡುತ್ತಿದ್ದ ಊರು ಅದು. ೧೯೧೮ರ ಇನ್‌ಫ್ಲುಯೆಂಜಾ ಮಾರಿ ಅಲ್ಲಿಗೂ ಬಂದಾಗ ಯೋರ್ಟನ್ ಎಂಬ ಡಾಕ್ಟರು ಫೆನಾಸೆಟಿನ್, ಫೆನಾಜೋನ್, ಕೆಫೀನ್ ಬೆರೆಸಿದ ಒಂದು ಪುಡಿಯನ್ನು ಬರೆದುಕೊಟ್ಟರು. ಜ್ವರ ಇಳಿಯಿತು, ಮೈಕೈ ನೋವು ಹೋಯಿತು, ಕೆಫೀನಿನ ದೆಸೆಯಿಂದ ಮೈಯಲ್ಲಿ ಹುರುಪೂ ಬಂತು. ಮಾರಿ ಊರು ಬಿಟ್ಟು ಹೋಯಿತು. ಪುಡಿ ಮಾತ್ರ ಉಳಿಯಿತು. ಕೆಲಸಗಾರರು ಬೆಳಗ್ಗೆ ಎದ್ದರೆ ಪುಡಿ, ದಣಿದರೆ ಪುಡಿ, ದಣಿಯದಿರಲೆಂದು ಇನ್ನೊಂದು ಪುಡಿ. ಹುಟ್ಟುಹಬ್ಬಕ್ಕೆ ಅಂದವಾಗಿ ಕಾಗದ ಸುತ್ತಿ ಉಡುಗೊರೆ ಕೊಡುವಷ್ಟು ಅದು ಮನೆಮಾತಾಯಿತಂತೆ. ದಶಕಗಳು ಕಳೆದ ಮೇಲೆ ಆ ಊರಿನಲ್ಲಿ ಮೂತ್ರಪಿಂಡ ಕೆಟ್ಟು ಸಾಯುವವರ ಸಂಖ್ಯೆ ಏಕೆ ಹೆಚ್ಚೆಂದು ವೈದ್ಯ ಕುರ್ಟ್ ಗ್ರಿಮ್‌ಲುಂಡ್ ಶೋಧಿಸಿದರು; ೧೯೬೩ರಲ್ಲಿ ಅವರು ಪ್ರಕಟಿಸಿದ ವರದಿಯ ಬೆರಳು ಈ ಪುಡಿಯ ಕಡೆಗೇ ತೋರಿತು. ಸ್ವಿಟ್ಜರ್‌ಲೆಂಡಿನ ವೈದ್ಯರು ೧೯೫೩ರಲ್ಲೇ ಇಂಥದೇ ಸಂದೇಹವನ್ನು ಎತ್ತಿದ್ದರು. ಮುಂದೆ ಒಂದೊಂದಾಗಿ ದೇಶಗಳು ಫೆನಾಸೆಟಿನ್ನನ್ನು ಅಂಗಡಿಯಿಂದ ಹೊರಹಾಕಿದವು.

ಹುಸ್ಕ್ವಾರ್ನದ ಜನ ವಿಷ ಕುಡಿದವರಲ್ಲ, ಮೋಸಹೋದವರೂ ಅಲ್ಲ. ಒಳ್ಳೆಯ ಡಾಕ್ಟರು ಕಷ್ಟಕಾಲದಲ್ಲಿ ಕೊಟ್ಟ ಒಳ್ಳೆಯ ಮದ್ದನ್ನು, ಕಷ್ಟ ಕಳೆದ ಮೇಲೂ ಬಿಡದೆ ಹಿಡಿದುಕೊಂಡವರು. ಮದ್ದಿಗೆ ಅವಧಿಯೊಂದಿದೆ ಎಂಬುದನ್ನು ಅವರಿಗೆ ಹೇಳುವವರು ಇರಲಿಲ್ಲ.

ಇತ್ತ ನ್ಯೂಯಾರ್ಕಿನಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಎಂಬ ವಿಜ್ಞಾನಿಗಳು, ಅಸೆಟನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲಾಗಿ ಮಾರ್ಪಟ್ಟೇ ನೋವು ಕಳೆಯುತ್ತದೆಂದು ೧೯೪೮ರಲ್ಲಿ ತೋರಿಸಿದರು. ಅಜ್ಞಾತವಾಸ ಮುಗಿಯಿತು. ೧೯೫೫ರಲ್ಲಿ ಅಮೆರಿಕದಲ್ಲಿ, ೧೯೫೬ರಲ್ಲಿ ಬ್ರಿಟನ್ನಿನಲ್ಲಿ ಪ್ಯಾರಾಸಿಟಮಾಲ್ ಮಾರಾಟಕ್ಕೆ ಬಂತು. ನಮ್ಮ ಬೆಂಗಳೂರಿನ ಕಂಪನಿಯೊಂದು ತಯಾರಿಸುವ ೬೫೦ ಮಿಲಿಗ್ರಾಮಿನ ಮಾತ್ರೆಯ ಹೆಸರು ೨೦೨೦ರ ನಂತರದ ಕೋವಿಡ್ ಕಾಲದಲ್ಲಿ ಇಡೀ ದೇಶದ ಬಾಯಲ್ಲಿ ಓಡಾಡಿದ್ದನ್ನು ವಾಚಕರು ಮರೆತಿರಲಾರರು.

ಅಳತೆಯಲ್ಲಿ ತೆಗೆದುಕೊಂಡರೆ ಇದು ಸಾಧುಪ್ರಾಣಿಯೇ. ಅಳತೆ ಮೀರಿದರೆ ಯಕೃತ್ತನ್ನು ಕೊಲ್ಲುತ್ತದೆಂಬುದು ೧೯೬೬ರಲ್ಲಿ ಎಡಿನ್‌ಬರೋದ ವೈದ್ಯರು ವರದಿ ಮಾಡಿದ ಮೇಲೆ ತಿಳಿಯಿತು. ಇದರ ಕ್ರೌರ್ಯವೆಲ್ಲ ಇದರ ಮೌನದಲ್ಲಿದೆ. ಅತಿಯಾಗಿ ನುಂಗಿದವನಿಗೆ ಮೊದಲ ದಿನ ಸ್ವಲ್ಪ ವಾಕರಿಕೆ ಬಂದರೆ ಬಂತು, ಇಲ್ಲವಾದರೆ ಅದೂ ಇಲ್ಲ. ಎರಡು ಮೂರು ದಿನ ಕಳೆದು ಕಣ್ಣು ಹಳದಿಯಾಗುವ ಹೊತ್ತಿಗೆ ಯಕೃತ್ತು ಸಾಕಷ್ಟು ಸುಟ್ಟಿರುತ್ತದೆ. ೧೯೭೦ರ ದಶಕದಲ್ಲಿ ಅಸೆಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಸಿಕ್ಕಿತು. ಅದು ಬೇಗ ಕೊಟ್ಟರೆ ಅಮೃತ, ತಡವಾದಷ್ಟೂ ಅದರ ಕೈ ಸೋಲುತ್ತದೆ. ಆದ್ದರಿಂದ ಹೆಚ್ಚು ಮಾತ್ರೆ ಒಳಗೆ ಹೋಗಿದೆಯೆಂದು ತಿಳಿದೊಡನೆ, ಮನುಷ್ಯ ಚೆನ್ನಾಗಿಯೇ ಕಂಡರೂ, ಆಸ್ಪತ್ರೆಗೆ ಓಡಬೇಕು. ಬ್ರಿಟನ್ ಸರ್ಕಾರ ೧೯೯೮ರಲ್ಲಿ ಸಾಮಾನ್ಯ ಅಂಗಡಿಯ ಪೊಟ್ಟಣದಲ್ಲಿ ೧೬ ಮಾತ್ರೆಗಿಂತ ಹೆಚ್ಚು ಇರಕೂಡದೆಂದು ವಿಧಿಸಿತು. ಆಮೇಲೆ ಅಲ್ಲಿ ಇದರಿಂದಾಗುವ ಸಾವು ಕಡಿಮೆಯಾಯಿತು.

ಇನ್ನು ಮೂಗು ಬಿಡಿಸುವ ಶಾಖೆ. ಚೀನೀಯರು ಮಾ ಹುವಾಂಗ್ ಎಂದು ಕರೆಯುವ ಎಫೆಡ್ರಾ ಎಂಬ ಪೊದೆ ಇದರ ಮೂಲ. ನಮ್ಮಲ್ಲಿ ಕೆಲವರು ಇದನ್ನೇ ಸೋಮಲತೆ ಎಂದರು. ವೇದದ ಸೋಮ ಇದೇ ಹೌದೋ ಅಲ್ಲವೋ ಎಂಬ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಜಪಾನಿನ ನಾಗಾಯಿ ನಾಗಯೋಶಿ ೧೮೮೫ರಲ್ಲಿ ಅದರಿಂದ ಎಫೆಡ್ರಿನ್ ಬೇರ್ಪಡಿಸಿದ. ಪೀಕಿಂಗಿನಲ್ಲಿ ಚೆನ್ ಮತ್ತು ಷ್ಮಿಟ್ ೧೯೨೪ರ ಸುಮಾರಿಗೆ ಅದರ ಗುಣವನ್ನು ವಿವರಿಸಿದರು: ಅಡ್ರಿನಲಿನ್ನಿನಂತೆ ಇದೂ ರಕ್ತನಾಳಗಳನ್ನು ಬಿಗಿಯುತ್ತದೆ, ಆದರೆ ಇದನ್ನು ಬಾಯಿಂದಲೇ ನುಂಗಬಹುದು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಕರ್ನಲ್ ರಾಮನಾಥ ಚೋಪ್ರಾ ನಮ್ಮ ಹಿಮಾಲಯದ ಎಫೆಡ್ರಾ ಜಾತಿಗಳನ್ನು ಪರೀಕ್ಷೆಗೆ ಹಚ್ಚಿದರು.

ಮೂಗು ಕಟ್ಟುವುದು ಸಿಂಬಳದಿಂದ ಮಾತ್ರವೆಂದು ನಾವು ಭಾವಿಸುತ್ತೇವೆ. ನಿಜವಾಗಿ ಮೂಗಿನ ಒಳಪೊರೆಯ ರಕ್ತನಾಳಗಳು ಊದಿ ದಾರಿಗೆ ಅಡ್ಡವಾಗುವುದೇ ಮುಖ್ಯ ಕಾರಣ. ನಾಳ ಬಿಗಿದರೆ ಬಾವು ಇಳಿದು ಉಸಿರು ಸರಾಗವಾಗುತ್ತದೆ. ಆದರೆ ನುಂಗಿದ ಮದ್ದಿಗೆ ಮೂಗಿನ ವಿಳಾಸವೊಂದೇ ಗೊತ್ತೇ? ಅದು ಮೈಯೆಲ್ಲ ಸುತ್ತುತ್ತದೆ. ಮೂಗಿನ ನಾಳ ಬಿಗಿಯುವ ಕೈ ಉಳಿದ ನಾಳಗಳನ್ನೂ ಬಿಗಿಯುತ್ತದೆ. ರಕ್ತದ ಒತ್ತಡ ಏರುತ್ತದೆ, ಎದೆ ಡವಗುಟ್ಟುತ್ತದೆ, ನಿದ್ದೆ ಹಾರುತ್ತದೆ.

ಈ ಶಾಖೆಯ ಚರಿತ್ರೆಯೆಲ್ಲ ಈ ಒಂದು ದೋಷದಿಂದ ತಪ್ಪಿಸಿಕೊಳ್ಳುವ ಪ್ರಯತ್ನ. ಎಫೆಡ್ರಿನ್ನಿನ ಬಂಧುವಾದ ಫಿನೈಲ್‌ಪ್ರೊಪನೊಲಮೈನ್ ಬಹುಕಾಲ ನೆಗಡಿ ಮಾತ್ರೆಗಳಲ್ಲಿ ರಾಜ್ಯವಾಳಿತು. ಅದರಿಂದ ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚೆಂದು ಯೇಲ್ ವಿಶ್ವವಿದ್ಯಾನಿಲಯದ ಅಧ್ಯಯನ, ವಿಶೇಷವಾಗಿ ಹೆಂಗಸರ ವಿಷಯದಲ್ಲಿ, ಎತ್ತಿ ತೋರಿಸಿದ ಮೇಲೆ ೨೦೦೦ದಲ್ಲಿ ಅಮೆರಿಕ ಅದನ್ನು ಹಿಂತೆಗೆಸಿತು. ನಮ್ಮ ದೇಶದಲ್ಲಿ ನಿಷೇಧ ಬಂದದ್ದು ೨೦೧೧ರಲ್ಲಿ. ಸೂಡೊಎಫೆಡ್ರಿನ್ ಮೂಗು ಬಿಡಿಸುವುದೇನೋ ಸರಿ. ಕಳ್ಳರು ಅದರಿಂದ ಮಾದಕದ್ರವ್ಯ ಕಾಸಲು ತೊಡಗಿದ್ದರಿಂದ ಅಮೆರಿಕದಲ್ಲಿ ೨೦೦೬ರಿಂದ ಅದು ಅಂಗಡಿಯವನ ಬೆನ್ನ ಹಿಂದಿನ ಕಪಾಟು ಸೇರಿತು. ಆ ಜಾಗಕ್ಕೆ ಫಿನೈಲೆಫ್ರಿನ್ ಬಂತು. ಅದರ ಕಥೆಯಂತೂ ಪ್ರಹಸನ: ನುಂಗಿದರೆ ಅದರ ಬಹುಭಾಗ ಕರುಳು ಯಕೃತ್ತುಗಳಲ್ಲೇ ಕರಗಿಹೋಗುತ್ತದೆ, ಬಾಯಿಂದ ತೆಗೆದುಕೊಂಡ ಫಿನೈಲೆಫ್ರಿನ್ನಿನಿಂದ ಕಟ್ಟಿದ ಮೂಗು ಬಿಡುವುದಿಲ್ಲವೆಂದು ಅಮೆರಿಕದ ಔಷಧ ಇಲಾಖೆಯ ತಜ್ಞಸಮಿತಿ ೨೦೨೩ರಲ್ಲಿ ಒಮ್ಮತದಿಂದ ಹೇಳಿತು. ಮರುವರ್ಷ ಆ ಇಲಾಖೆಯೇ ಅದನ್ನು ಕೈಬಿಡುವ ಪ್ರಸ್ತಾಪ ಮಾಡಿತು. ಹೀಗೆ, ಕೆಲಸ ಮಾಡಿದ್ದಕ್ಕೆ ಅಪಾಯದ ಹೆಸರು, ಅಪಾಯ ಕಡಿಮೆಯಾದದ್ದಕ್ಕೆ ಸೋಮಾರಿಯ ಹೆಸರು!

ನಮ್ಮ ಸರ್ಕಾರಗಳು ಕಣ್ಣುಮುಚ್ಚಿ ಕೂತಿದ್ದವೆನ್ನುವಂತಿಲ್ಲ. ಮೇಲೆ ಹೇಳಿದ ಚೋಪ್ರಾ ಅವರ ಅಧ್ಯಕ್ಷತೆಯಲ್ಲೇ ೧೯೩೦–೩೧ರಲ್ಲಿ ಔಷಧ ವಿಚಾರಣಾ ಸಮಿತಿ ನಡೆಯಿತು. ಅದರ ಫಲವಾಗಿ ೧೯೪೦ರ ಔಷಧ ಕಾಯಿದೆ, ೧೯೪೫ರ ನಿಯಮಗಳು ಬಂದವು. ಯುಕ್ತಿಯಿಲ್ಲದ ಕೂಡುಮದ್ದುಗಳೆಂದು ೨೦೧೬ರಲ್ಲಿ ೩೪೪ನ್ನೂ ೨೦೨೪ರಲ್ಲಿ ೧೫೬ನ್ನೂ ಕೇಂದ್ರ ಸರ್ಕಾರ ನಿಷೇಧಿಸಿತು. ಮೊದಲನೆಯದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿದ ಮದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆ ಮುದ್ರಿಸಲು ೨೦೨೩ರ ಡಿಸೆಂಬರಿನಲ್ಲಿ ಆಜ್ಞೆಯಾಯಿತು. ಆದರೆ ಕಾಯಿದೆ ಅಂಗಡಿಯ ಬಾಗಿಲವರೆಗೆ ಬರಬಲ್ಲುದು, ನಮ್ಮ ಅಡಿಗೆಮನೆಯ ಗೂಡಿನವರೆಗೆ ಬರಲಾರದು.

ಗೂಡಿನ ಕಥೆಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು, ರಕ್ತದ ಒತ್ತಡಕ್ಕೆ ನಿತ್ಯ ಮಾತ್ರೆ ತೆಗೆದುಕೊಳ್ಳುವವರು, ಮಳೆಗಾಲದಲ್ಲಿ ನೆಗಡಿ ಹಿಡಿದು ಮಲಗಿದ್ದರು. ನೋಡಲು ಹೋದಾಗ ತಲೆದೆಸೆಯಲ್ಲಿ ಮೂರು ಪಟ್ಟಿ ಮಾತ್ರೆ. “ಜ್ವರಕ್ಕೆ ಇದು, ನೆಗಡಿಗೆ ಅದು, ಮೈಕೈ ನೋವಿಗೆ ಆ ಕೆಂಪುಪಟ್ಟಿಯದು, ಮೂರನ್ನೂ ಮೂರು ಹೊತ್ತು” ಎಂದರು. ಮೂರರ ಬೆನ್ನನ್ನೂ ಓದಿದೆವು. ಜ್ವರದ್ದರಲ್ಲಿ ಪ್ಯಾರಾಸಿಟಮಾಲ್ ೬೫೦ ಮಿಲಿಗ್ರಾಂ, ನೆಗಡಿಯದರಲ್ಲಿ ೫೦೦, ನೋವಿನದರಲ್ಲಿ ಐಬುಪ್ರೊಫೆನ್ ಜೊತೆಗೆ ೩೨೫. ಮೇಷ್ಟರು ಗಣಿತದವರು, ತಾವೇ ಕೂಡಿದರು. ಒಂದು ಹೊತ್ತಿಗೆ ೧,೪೭೫. ಮೂರು ಹೊತ್ತಿಗೆ ೪,೪೨೫. ಆರೋಗ್ಯವಂತ ವಯಸ್ಕನಿಗೇ ಇಪ್ಪತ್ತನಾಲ್ಕು ಗಂಟೆಯಲ್ಲಿ ೪,೦೦೦ ಮಿಲಿಗ್ರಾಂ ಮೇರೆ. ಅದರ ಮೇಲೆ ನಾಳ ಬಿಗಿಯುವ ಫಿನೈಲೆಫ್ರಿನ್, ಒತ್ತಡ ಏರಿಸಬಲ್ಲ ಐಬುಪ್ರೊಫೆನ್! “ಮೂರು ಹೆಸರಿನಲ್ಲಿ ಒಬ್ಬನೇ ಬಂದು ಊಟ ಮಾಡಿ ಹೋಗಿದ್ದಾನಲ್ಲಯ್ಯಾ” ಎಂದು ಮೇಷ್ಟರು ನಕ್ಕರು. ಆದರೂ ಅಂದೇ ಸಂಜೆ ಡಾಕ್ಟರಿಗೆ ತೋರಿಸಿಕೊಂಡು ಬಂದರು.

ಚರಿತ್ರೆ ಕಲಿಸುವ ಪಾಠ ಇಷ್ಟೆ, ವಾಚಕರೇ. ಹೆಸರನ್ನಲ್ಲ, ಒಳಗಿರುವ ದ್ರವ್ಯವನ್ನು ಓದಿರಿ. ಒಂದೇ ದ್ರವ್ಯ ಎರಡು ಪಟ್ಟಿಯಲ್ಲಿದ್ದರೆ ಒಂದನ್ನು ಬಿಡಿ. ಎರಡು ಬಾರಿಯ ನಡುವೆ ಕಡಿಮೆಯೆಂದರೆ ನಾಲ್ಕು ಗಂಟೆ ಬಿಡಬೇಕು. ಮೈ ಸಣಕಲಾದವರಿಗೆ, ಮದ್ಯದ ಅಭ್ಯಾಸವುಳ್ಳವರಿಗೆ, ಯಕೃತ್ತಿನ ತೊಂದರೆಯವರಿಗೆ ಮೇರೆ ಇನ್ನೂ ಕಡಿಮೆ. ಎಷ್ಟೆಂದು ವೈದ್ಯರೇ ಹೇಳಬೇಕು. ರಕ್ತದ ಒತ್ತಡ, ಹೃದ್ರೋಗ, ಥೈರಾಯ್ಡ್, ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ ಇದ್ದವರು, ಗರ್ಭಿಣಿಯರು ಮೂಗು ಬಿಡಿಸುವ ಮಾತ್ರೆಯನ್ನು ಕೇಳದೆ ಮುಟ್ಟಬಾರದು. ಸೀನಿನ ಮದ್ದು ತೂಕಡಿಕೆ ತರುತ್ತದೆ. ಸ್ಕೂಟರಿನ ಬೀಗದ ಕೈಯನ್ನು ಅಂದು ಮೊಳೆಗೇ ಬಿಡುವುದು ಲೇಸು. ಮೂಗಿಗೆ ಬಿಡುವ ಹನಿಯನ್ನು ಮೂರು ನಾಲ್ಕು ದಿನ ದಾಟಿಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮಕ್ಕಳ ವೈರಸ್ ಜ್ವರಕ್ಕೆ ಆಸ್ಪಿರಿನ್ ಕೂಡದು. ಆಸ್ಟ್ರೇಲಿಯದ ರೇ ಎಂಬ ವೈದ್ಯ ೧೯೬೩ರಲ್ಲಿ ವರ್ಣಿಸಿದ, ಮಿದುಳನ್ನೂ ಯಕೃತ್ತನ್ನೂ ಕೆಡಿಸುವ ರೋಗಕ್ಕೂ ಅದಕ್ಕೂ ಸಂಬಂಧವಿದೆಯೆಂದು ಮುಂದೆ ಕಂಡುಬಂತು. ಡೆಂಗಿಯ ಸಂದೇಹವಿದ್ದರೆ ದೊಡ್ಡವರಿಗೂ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಭಯ. ಜ್ವರ ಮೂರು ದಿನಕ್ಕೆ ಇಳಿಯದಿದ್ದರೆ, ಉಸಿರು ಸಿಕ್ಕಿದರೆ, ಅದು ನೆಗಡಿಯ ಲೆಕ್ಕವಲ್ಲ.

ಇಷ್ಟು ಮದ್ದುಗಳಲ್ಲಿ ಒಂದಾದರೂ ನೆಗಡಿಯನ್ನು ಗುಣಪಡಿಸಿದ್ದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಅದು ತಾನಾಗಿ ಬರುತ್ತದೆ, ವಾರ ಹತ್ತು ದಿನ ಇದ್ದು ತಾನಾಗಿ ಹೋಗುತ್ತದೆ. ಮಾತ್ರೆ ಆ ವಾರವನ್ನು ಕಳೆಯಲು ಆಸರೆ ಮಾತ್ರ. ಅತಿಥಿ ಹೊರಟಾಗ ಅವನ ಜೊತೆಗೆ ಮಾತ್ರೆಯನ್ನೂ ಕಳಿಸಿಕೊಡುವ ವಿವೇಕ ಹುಸ್ಕ್ವಾರ್ನದ ಜನಕ್ಕೆ ತಿಳಿಯಲು ನಲವತ್ತು ವರ್ಷ ಹಿಡಿಯಿತು. ನಮಗೆ ಅಷ್ಟು ಕಾಲ ಬೇಕಾಗಿಲ್ಲ. ಪಟ್ಟಿಯ ಬೆನ್ನನ್ನು ಓದುವ ಎರಡು ನಿಮಿಷ ಸಾಕು.