ಲೆಕ್ಕಕ್ಕೆ ಸಿಗದ ನೆತ್ತರು

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನಿಂದ ಬಂದ ಹೆಸರದು. ಬೆಂಗಳೂರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೂ ಅವನದೇ ಹೆಸರು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಚಿನ್ನದ ಗಣಿಗಾಗಿ ರೈಲು ಹಳಿ ಹಾಕಲಾಯಿತು. ಒಂದು ಕಾಲದಲ್ಲಿ ಕೆಲಸಗಾರರನ್ನು ಗಣಿಗೆ ಕರೆತಂದ ಆ ಹಳಿಯೇ ಇಂದು ಮುಂಜಾನೆಯ ಕತ್ತಲಲ್ಲಿ ಅವರ ಮಕ್ಕಳು, ಮೊಮ್ಮಕ್ಕಳನ್ನು ಬೆಂಗಳೂರಿನ ಕೂಲಿಗೆ ಹೊತ್ತೊಯ್ಯುತ್ತದೆ. ಅದೇ ಬೋಗಿಗಳಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ಕುಳಿತ ಹೆಂಗಸರೂ ಇರುತ್ತಾರೆ. ಅವರು ಪಕ್ಕದವರಿಗೂ ಹೇಳಿಕೊಳ್ಳದ ಒಂದು ತೊಂದರೆಯ ಬಗ್ಗೆ ನಾವಿಲ್ಲಿ ಮಾತಾಡಬೇಕಾಗಿದೆ. ಗರ್ಭಕೋಶವನ್ನು ತೆಗೆಸಿಕೊಂಡ ನಂತರವೂ ಅನಿರೀಕ್ಷಿತವಾಗಿ ಕಾಣಿಸಿಕೊಳ್ಳುವ ರಕ್ತಸ್ರಾವವೇ ಆ ತೊಂದರೆ.

ಕೆಜಿಎಫ್‌ನ ಚರಿತ್ರೆಯಲ್ಲಿ ಕಾಯಿಲೆಗಳ ಲೆಕ್ಕ ಇಲ್ಲದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿಗೆ ಕಾಲಿಟ್ಟ ನಂತರ ಗಣಿ ಆಳಕ್ಕಿಳಿಯುತ್ತಾ ಹೋಯಿತು. ಆಳದ ಕಲ್ಲುಧೂಳು ಕಾರ್ಮಿಕರ ಶ್ವಾಸಕೋಶವನ್ನು ತಿಂದಿತು. 1940ರಿಂದ 1946ರವರೆಗೆ ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿ, ನೂರಕ್ಕೆ 43.7 ಮಂದಿಗೆ ಸಿಲಿಕೋಸಿಸ್ ತಗಲಿದೆಯೆಂದು ದಾಖಲಿಸಿದರು. ಚಿನ್ನ ತೆಗೆಯಲು ಗಂಡಸಿನ ಎದೆ ಬೇಕಿತ್ತು, ಆದ್ದರಿಂದ ಅದನ್ನು ಎಣಿಸಲಾಯಿತು. ಗಣಿ ಲೈನುಗಳ ಒಂದೇ ಕೋಣೆಯ ಮನೆಯಲ್ಲಿ ಹೆತ್ತು, ಹೊತ್ತು, ನೀರಿಗಾಗಿ ಸರದಿ ನಿಂತ ಹೆಣ್ಣಿನ ಒಡಲನ್ನು ಎಣಿಸುವವರಿರಲಿಲ್ಲ.

ಆದರೂ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಆಸ್ಪತ್ರೆಯೊಂದಿತ್ತು. ಕಾರ್ಮಿಕನ ಹೆಂಡತಿ ಅಲ್ಲಿಗೆ ನಡೆದೇ ಹೋಗಬಹುದಿತ್ತು, ಮತ್ತೆ ತೊಂದರೆಯಾದರೆ ಅದೇ ಬಾಗಿಲಿಗೆ ಮರಳಬಹುದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಯೂ ಮುಚ್ಚಿತು. 2021ರ ಕೋವಿಡ್ ಅಲೆಯಲ್ಲಿ ಸ್ವಯಂಸೇವಕರು ಆ ಪಾಳುಕಟ್ಟಡವನ್ನು ಗುಡಿಸಿ ತೊಳೆದು ಹಾಸಿಗೆ ಹಾಕಬೇಕಾಯಿತು. ಗಣಿಯೊಂದಿಗೆ ಹೋದದ್ದು ಸಂಬಳ ಮಾತ್ರವಲ್ಲ. ಮರಳಿ ಹೋಗಿ ಕೇಳಬಹುದಾದ ಒಂದು ಬಾಗಿಲು ಕೂಡ.

ಗಣಿ ಮುಚ್ಚಿದ ನಂತರದ ವರ್ಷಗಳಲ್ಲೇ ದೇಶದಲ್ಲಿ ಗರ್ಭಕೋಶದ ಶಸ್ತ್ರಕ್ರಿಯೆ ಒಂದು ವ್ಯಾಪಾರವೂ ಆಯಿತು. 2015ರಲ್ಲಿ ಕಲಬುರಗಿಯ ತಾಂಡಾಗಳ ಹೆಂಗಸರು ಬಾಯಿ ತೆರೆದಾಗ ನಾಡು ಬೆಚ್ಚಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಬಡ ಲಂಬಾಣಿ ಮತ್ತು ದಲಿತ ಸ್ತ್ರೀಯರನ್ನು ಕ್ಯಾನ್ಸರ್ ಆದೀತೆಂದು ಹೆದರಿಸಿ ಗರ್ಭಕೋಶ ತೆಗೆಯಲಾಗಿತ್ತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ಶಸ್ತ್ರಕ್ರಿಯೆಯ ವಿವರಗಳನ್ನು ಕೇಳಿತು. 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 3.2 ಮಂದಿ, ಕೆಜಿಎಫ್‌ನ ನೆರೆಯ ಆಂಧ್ರದಲ್ಲಿ 8.9 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅತಿಯಾದ ಮುಟ್ಟಿನ ಸ್ರಾವವೇ ಅವರಲ್ಲಿ ಹೆಚ್ಚಿನವರು ಕೊಟ್ಟ ಕಾರಣ. ವೈದ್ಯ ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಿತು. ಶಸ್ತ್ರಕ್ರಿಯೆ ಎಲ್ಲಿ, ಯಾಕೆ ಆಯಿತೆಂದು ಸಮೀಕ್ಷೆ ಕೇಳಿತು. ಆಮೇಲೆ ಆ ತಾಯಿಗೆ ಏನಾಯಿತೆಂದು ಕೇಳಲಿಲ್ಲ.

ನೆತ್ತರು ನಿಲ್ಲಲೆಂದೇ ಗರ್ಭಕೋಶ ತೆಗೆಸಿದವಳ ಬಟ್ಟೆಯಲ್ಲಿ ಮತ್ತೆ ಕಲೆ ಕಂಡರೆ ಅವಳು ಯಾರನ್ನು ಕೇಳಬೇಕು? ವೈದ್ಯಶಾಸ್ತ್ರದ ಉತ್ತರ ಸರಳವಾಗಿದೆ. ಶಸ್ತ್ರಕ್ರಿಯೆಯಲ್ಲಿ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚುತ್ತಾರೆ. ಮೊದಲ ಕೆಲವು ವಾರ, ಹೊಲಿಗೆ ಕರಗುವಾಗ, ತುಸು ಕಲೆಯಾಗುವುದು ಸಹಜ; ಅದು ಬರಬರುತ್ತಾ ಕಡಿಮೆಯಾಗಬೇಕು. ಸ್ರಾವ ಹೆಚ್ಚಿದರೆ, ಗಡ್ಡೆಗಟ್ಟಿ ಹೋದರೆ, ಜ್ವರ, ದುರ್ವಾಸನೆ, ತೀವ್ರ ಹೊಟ್ಟೆನೋವು ಇದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ತಿಂಗಳುಗಳು ಅಥವಾ ವರ್ಷಗಳ ನಂತರ ಒಂದೇ ಹನಿ ಕಂಡರೂ ತೋರಿಸಬೇಕು. ಹೊಲಿಗೆಯ ಜಾಗದಲ್ಲಿ ಬೆಳೆದ ಮೆದು ಮಾಂಸ, ವಯಸ್ಸಿನಿಂದ ತೆಳುವಾದ ಒಳಪದರ, ಸೋಂಕು ಹೀಗೆ ಸುಲಭವಾಗಿ ವಾಸಿಯಾಗುವ ಕಾರಣಗಳೇ ಹೆಚ್ಚು. ಗರ್ಭಕೋಶದ ಕೊರಳನ್ನು ಉಳಿಸಿದ್ದರೆ ತಿಂಗಳಿಗೊಮ್ಮೆ ಕಲೆ ಕಾಣಬಹುದು. ಅಪರೂಪಕ್ಕೆ ಅದು ಕ್ಯಾನ್ಸರಿನ ಸೂಚನೆಯೂ ಹೌದು. ಯಾವುದೆಂದು ಪರೀಕ್ಷೆ ಮಾತ್ರ ಹೇಳಬಲ್ಲುದು.

ಹಾಗಿದ್ದೂ ಹೆಂಗಸರು ಸುಮ್ಮನಿರುತ್ತಾರೆ. ನಾಚಿಕೆ ಧರ್ಮದ ಅಂಗವೆಂದು ಹೇಳಿ ಈ ಮೌನವನ್ನು ನಾವೇ ಸಾಕಿದ್ದೇವೆ. ಆದರೆ ಮದೀನದ ಚರಿತ್ರೆ ಬೇರೆಯೇ ಇದೆ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ಪ್ರವಾದಿ(ಸ)ಯವರ ಬಳಿ ಬಂದು, ತನಗೆ ರಕ್ತ ನಿಲ್ಲುವುದೇ ಇಲ್ಲ, ನಮಾಝ್ ಬಿಟ್ಟುಬಿಡಲೇ ಎಂದು ನೇರವಾಗಿ ಕೇಳಿದರು. ಪ್ರವಾದಿ(ಸ)ಯವರು ಗದರಲಿಲ್ಲ, ಮುಖ ತಿರುಗಿಸಲಿಲ್ಲ. ಅದು ಮುಟ್ಟಲ್ಲ, ಒಂದು ರಕ್ತನಾಳದಿಂದ ಬರುವಂಥದ್ದು ಎಂದು ಬಿಡಿಸಿ ಹೇಳಿದರು. ಉಮ್ಮು ಹಬೀಬಾ ಬಿಂತ್ ಜಹ್ಶ್(ರ) ಏಳು ವರ್ಷ ಇಂಥದೇ ಸ್ರಾವ ಅನುಭವಿಸಿದ್ದು ಹದೀಸ್‌ಗಳಲ್ಲಿದೆ. ಮುಟ್ಟಿಗೆ ಹೈಝ್, ಈ ಸ್ರಾವಕ್ಕೆ ಇಸ್ತಿಹಾಝಾ ಎಂಬ ಎರಡು ಬೇರೆ ಬೇರೆ ಹೆಸರುಗಳಿವೆ. ಗರ್ಭಕೋಶವೇ ಇಲ್ಲದವಳ ಸ್ರಾವ ಹೈಝ್ ಅಲ್ಲವೆಂದು ಇಂದಿನ ಅನೇಕ ವಿದ್ವಾಂಸರು ಹೇಳುವುದು ಇದೇ ತಳಹದಿಯ ಮೇಲೆ. ಅವಳು ಅಶುದ್ಧಳಲ್ಲ, ರೋಗಿ. ಅವಳಿಗೆ ಬೇಕಾದದ್ದು ಮೂಲೆಯಲ್ಲ, ಚಿಕಿತ್ಸೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಪರ್ದಾದಲ್ಲಿದ್ದ ಹೆಂಗಸರು ಗಂಡಸರ ನಡುವೆ ಸರದಿ ನಿಲ್ಲಲು ಹಿಂಜರಿಯುತ್ತಾರೆಂದು ಕಂಡಾಗ ಬೆಂಗಳೂರಿನಲ್ಲಿ ಅವರಿಗಾಗಿಯೇ ಗೋಷಾ ಆಸ್ಪತ್ರೆ ಎದ್ದಿತು. ಇಂದಿಗೂ ಅದು ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಹೊತ್ತಿದೆ. ಅವರು ನಾಚಿಕೆಗೆ ಗೌರವ ಕೊಟ್ಟರು, ಕಾಯಿಲೆಗೆ ಮದ್ದನ್ನೂ ಕೊಟ್ಟರು.

ನಾವು ಮಾಡಬೇಕಾದದ್ದು ದೊಡ್ಡದೇನಲ್ಲ. ಶಸ್ತ್ರಕ್ರಿಯೆಗೆ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳೋಣ. ಬಿಡುಗಡೆಯ ಚೀಟಿಯಲ್ಲಿ ಏನನ್ನು ತೆಗೆದರು, ಕೊರಳನ್ನು ಉಳಿಸಿದರೇ, ಅಂಡಾಶಯ ಇದೆಯೇ ಎಂದು ಬರೆಸಿಕೊಂಡು ಜೋಪಾನವಾಗಿಡೋಣ. ಕೊರಳು ಉಳಿದಿದ್ದರೆ ಕ್ಯಾನ್ಸರ್ ತಪಾಸಣೆ ಮುಂದುವರಿಯಬೇಕೆಂದು ನೆನಪಿಡೋಣ. ಮನೆಯ ಹೆಣ್ಣು ಸುಸ್ತೆಂದು ಕುಳಿತರೆ ಕಾರಣ ಕೇಳೋಣ. ಇಲ್ಲಿನ ಮಣ್ಣಿನಿಂದ ತೆಗೆದ ಚಿನ್ನವನ್ನು ಒಂದು ಗುಲಗಂಜಿಯೂ ಬಿಡದೆ ತೂಗಿ ಬರೆದಿಟ್ಟವರಿದ್ದರು. ಆ ಲೈನುಗಳಲ್ಲಿ ಹರಿದ ನೆತ್ತರನ್ನು ಬರೆದಿಡುವ ಕೆಲಸ ನಮ್ಮ ಮೇಲಿದೆ.